ವಾಕ್‌ದೋಷದ ವಿದ್ವತ್ಪತ್ರಿಕೆ: ಅಚ್ಚಿನಿಂದ ಅಂತರಜಾಲಕ್ಕೆ

ಮಾತು ತಡವಾದ ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚುವುದು ನಮ್ಮ ಗೆಟ್ಟವಾಡಿಯ ಕಡೆ ಹಿರಿಯರಿಂದ ಬಂದ ರೂಢಿ. ಅದರಿಂದಲೂ ಮಾತು ತಿದ್ದದಿದ್ದರೆ ಹಣೆಬರಹವೆಂದು ಸುಮ್ಮನಾಗುತ್ತಿದ್ದರು. ಮಾತಿನ ದೋಷಕ್ಕೂ ಒಂದು ಶಾಸ್ತ್ರವುಂಟು, ಆ ಶಾಸ್ತ್ರದ ಪತ್ರಿಕೆಯೊಂದು ಈರೋಡಿಗಿಂತಲೂ ನಮಗೆ ಹತ್ತಿರವಾದ ಮೈಸೂರಿನಿಂದಲೇ ಹೊರಡುತ್ತಿದೆ ಎಂಬುದು ಉಪಾಧ್ಯಾಯರಾದ ನಮಗೂ ಬಹುಕಾಲ ತಿಳಿದಿರಲಿಲ್ಲ.

ಅಮೆರಿಕದಲ್ಲಿ ‘ಜರ್ನಲ್ ಆಫ್ ಸ್ಪೀಚ್ ಡಿಸಾರ್ಡರ್ಸ್’ ಎಂಬ ಪತ್ರಿಕೆ 1936ರಲ್ಲಿ ಆರಂಭವಾಯಿತು. ನಮ್ಮಲ್ಲಿ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ 1966ರಲ್ಲಿ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್ ಅವರು ಶಂಕುಸ್ಥಾಪನೆ ನೆರವೇರಿಸಿದರು. ಸಂಸ್ಥೆಯ ವಿದ್ವತ್ಪತ್ರಿಕೆಯ ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ. 1972ರ ಮೂರನೆಯ ಸಂಪುಟದಲ್ಲಿ ಬಾಬು, ರತ್ನ, ಬೆಟಗೇರಿ ಎಂಬ ಮೂವರು ಕನ್ನಡದ ಉಚ್ಚಾರಣಾ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಇವರಲ್ಲಿ ರತ್ನ ಅವರು ‘ಎಲ್ಲಿಗೆ’ ನಾಟಕ ಬರೆದ ನ. ರತ್ನರೇ ಆಗಿದ್ದು, ಮುಂದೆ ಸಂಸ್ಥೆಯ ನಿರ್ದೇಶಕರೂ ಆದರು. ಇಂಗ್ಲಿಷ್ ಮಕ್ಕಳಿಗೆಂದು ರೂಪಿಸಿದ ಅಳತೆಗೋಲಿನಿಂದ ನಮ್ಮ ಮಕ್ಕಳ ಣಕಾರ ಳಕಾರಗಳನ್ನು ಅಳೆಯಲಾಗದಷ್ಟೆ. ಆದುದರಿಂದ ಈ ಕಾರ್ಯ ಮಹತ್ವದ್ದು.

ಅದಾಗಿ ಹತ್ತು ವರ್ಷಗಳ ಮೇಲೆ ನಮ್ಮ ತರಗತಿಯಲ್ಲೊಬ್ಬ ಬಾಲಕನಿದ್ದನು. ರಾಗಿಯನ್ನು ‘ಲಾಗಿ’ ಎನ್ನುತ್ತಿದ್ದನು. ಮಕ್ಕಳು ನಗುವರೆಂದು ಕಡೆಗೆ ಬಾಯಿ ತೆರೆಯುವುದನ್ನೇ ಬಿಟ್ಟನು. “ಇವನಿಗೆ ಏನು ಮಾಡಾದು ಮೇಷ್ಟ್ರೇ?” ಎಂದು ತಾಯಿ ಕೇಳಿದಾಗ, “ದೊಡ್ಡವನಾದರೆ ಸರಿಹೋಗುತ್ತದೆ, ಹೋಗಮ್ಮ” ಎಂದುಬಿಟ್ಟೆವು. ನಾಲ್ಕನೆಯ ತರಗತಿಗೆ ಅವನು ಶಾಲೆ ಬಿಟ್ಟು ದನ ಮೇಯಿಸಲು ಹೋದನು. ಆ ಪರೀಕ್ಷೆ ಆಗಲೇ ಅಚ್ಚಾಗಿತ್ತು. ಆದರೆ ಅದು ಗ್ರಂಥಾಲಯದ ಕಪಾಟಿನಲ್ಲಿತ್ತು, ನಾವು ಬೆಟ್ಟದ ಮೇಲಿದ್ದೆವು.

ಅಚ್ಚಿನ ವಿದ್ವತ್ಪತ್ರಿಕೆಯ ಮಿತಿಯೇ ಇದು. ಪ್ರತಿಗಳು ಕೆಲವು, ಓದುವವರು ಚಂದಾದಾರರು ಮಾತ್ರ. ಕಾಲ ಬದಲಾಯಿತು. ಅಮೆರಿಕದ ವಾಕ್ ಶ್ರವಣ ಸಂಘವು 2010ರಿಂದ ತನ್ನ ವಿದ್ವತ್ಪತ್ರಿಕೆಗಳ ಮುದ್ರಣವನ್ನೇ ನಿಲ್ಲಿಸಿ ಅಂತರಜಾಲದಲ್ಲಿ ಮಾತ್ರ ಪ್ರಕಟಿಸತೊಡಗಿತು. ಮೈಸೂರಿನ ಪತ್ರಿಕೆಯೂ ಅಂತರಜಾಲಕ್ಕೆ ಬಂದಿದೆ. ಹಳೆಯ ಸಂಪುಟಗಳೂ ಅಲ್ಲಿ ದೊರೆಯುತ್ತವೆ. ಲೇಖನಗಳನ್ನು ತಜ್ಞರು ಪರಿಶೀಲಿಸುವ ಕ್ರಮ ಹಿಂದಿನಂತೆಯೇ ಉಳಿದು, ಅಂಚೆಯ ವಿಳಂಬ ಮಾತ್ರ ನೀಗಿದೆ. ಅಚ್ಚಿನ ಪುಟದಲ್ಲಿ ಕೇಳಿಸಲಾಗದ ಮಗುವಿನ ಧ್ವನಿಯನ್ನೂ ಲೇಖನದೊಡನೆ ಕೇಳಿಸಲು ಇಲ್ಲಿ ಅವಕಾಶವುಂಟು.

ಗಡಿನಾಡಿನವರಾದ ನಮಗೆ ಇದರಿಂದ ವಿಶೇಷ ಪ್ರಯೋಜನವಿದೆ. ಮನೆಯಲ್ಲಿ ಕನ್ನಡವಾಡುವ ಮಗು ತಮಿಳಿನ ತರಗತಿಯಲ್ಲಿ ತಡವರಿಸಿದರೆ ಅದು ದೋಷವಲ್ಲ, ಭಾಷೆಯ ಅಪರಿಚಯ. ಎರಡನ್ನೂ ಬೇರ್ಪಡಿಸಿ ತಿಳಿಯಬೇಕಾದರೆ ಮಗುವನ್ನು ಅದರ ತಾಯಿನುಡಿಯಲ್ಲಿಯೇ ಪರೀಕ್ಷಿಸಬೇಕು.

ಆದರೂ ಒಂದು ಬಾಗಿಲು ಇನ್ನೂ ಮುಚ್ಚಿದೆ. ಪತ್ರಿಕೆಯ ಭಾಷೆ ಇಂಗ್ಲಿಷ್. ಕಪಾಟಿನಿಂದ ಹೊರಬಂದ ವಿದ್ಯೆ ಹಳ್ಳಿಯ ಉಪಾಧ್ಯಾಯರ ಕೈಗೆ ಸಿಕ್ಕೀತು, ಮನಸ್ಸಿಗೆ ಹತ್ತುವುದು ಕಷ್ಟ. ಕನ್ನಡದ ಮಕ್ಕಳನ್ನು ಕುರಿತ ಲೇಖನಗಳ ಸಾರವನ್ನಾದರೂ ತಜ್ಞರ ನೆರವಿನಿಂದ ತಿಳಿಗನ್ನಡದಲ್ಲಿ ಬರೆಯಿಸಿ ತಾಳವಾಡಿ ಸೀಮೆಯ ಶಾಲೆಗಳಿಗೆ ಮುಟ್ಟಿಸುವ ಕಾರ್ಯವನ್ನು ನಮ್ಮ ಸಂಘವು ಕೈಗೊಳ್ಳಲೆಂದು ಪ್ರಾರ್ಥಿಸುತ್ತೇವೆ. ಆ ಬಾಲಕನಿಗೆ ಈಗ ಐವತ್ತು ಸಮೀಪಿಸಿರಬೇಕು. ಸಂತೆಯಲ್ಲಿ ಕಂಡರೆ ಇಂದಿಗೂ ಕೈ ಮುಗಿಯುತ್ತಾನೆ, ಮಾತನಾಡುವುದಿಲ್ಲ.