ಬೆಣ್ಣೆದೋಸೆಯ ಚೆನ್ನಮ್ಮ

ಭರತ ಹುಣ್ಣಿಮೆಯ ಜಾತ್ರೆಗೆಂದು ನಮ್ಮ ಉಚ್ಚಂಗಿದುರ್ಗಕ್ಕೆ ಬಂದ ವಾಚಕರು ದಾರಿಯಲ್ಲಿ ದಾವಣಗೆರೆಯಲ್ಲಿಳಿದು ಬೆಣ್ಣೆದೋಸೆ ತಿಂದಿರಲಿಕ್ಕೂ ಸಾಕು. ತಿಂದವರಿಗೆ ಅದರ ರುಚಿಯನ್ನು ನಾನು ವರ್ಣಿಸಬೇಕಾಗಿಲ್ಲ. ಆದರೆ ಆ ದೋಸೆ ಹುಟ್ಟಿದ್ದು ಪರಸ್ಥಳದಿಂದ ಬಂದ ಹೆಣ್ಣುಮಗಳೊಬ್ಬಳ ಒಲೆಯ ಮೇಲೆ ಎಂಬುದನ್ನು ಎಷ್ಟು ಮಂದಿ ಬಲ್ಲರು?

1928ರಲ್ಲಿ ಚೆನ್ನಮ್ಮನೆಂಬಾಕೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದರು. ಅಂದಿನ ಭೂಪಟವನ್ನೊಮ್ಮೆ ಕಣ್ಣೆದುರು ತಂದುಕೊಳ್ಳಿ. ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ದಾವಣಗೆರೆ ಮೈಸೂರು ಮಹಾರಾಜರ ಸಂಸ್ಥಾನಕ್ಕೆ. ಪಕ್ಕದಲ್ಲೇ ಇರುವ ನಮ್ಮ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯೊಡನೆ ಮದರಾಸಿಗೆ. ಕನ್ನಡ ಮಾತಿನ ಸೀಮೆಯನ್ನು ದಾಟದೆಯೇ ಆಕೆ ಪರರಾಜ್ಯಕ್ಕೆ ವಲಸೆ ಬಂದ ಹಾಗಾಯಿತು. ನಮ್ಮ ಬಳ್ಳಾರಿ ಮೈಸೂರಿನೊಡನೆ ಕೂಡಿದ್ದು 1953ರಲ್ಲಿ, ಬೆಳಗಾವಿ 1956ರಲ್ಲಿ. ಅಷ್ಟು ಹೊತ್ತಿಗೆ ಆಕೆಯ ದೋಸೆಗೆ ಕಾಲು ಶತಮಾನ ತುಂಬಿತ್ತು!

ನಾಟಕದ ಥಿಯೇಟರೊಂದರ ಬಳಿ ಚೆನ್ನಮ್ಮ ಒಲೆ ಹೂಡಿದರು. ಜಾಗವನ್ನು ಆರಿಸಿದ ಜಾಣತನವನ್ನು ನೋಡಿ. ಕಂಪನಿ ನಾಟಕವೆಂದರೆ ಅಂದು ರಾತ್ರಿಯೆಲ್ಲ ನಡೆಯುವ ವ್ಯವಹಾರ. ಹಸಿದ ಹೊಟ್ಟೆಗಳಿಗೆ ಅಲ್ಲಿ ಏನು ಕೊರತೆ? ಆಗ ಹುಯ್ಯುತ್ತಿದ್ದುದು ರಾಗಿ ಹಿಟ್ಟಿನ ದೋಸೆ. ಬೆಣ್ಣೆಯ ಮಾತು ಇನ್ನೂ ದೂರ.

ಹತ್ತು ವರ್ಷ ಕಳೆದು, 1938ರ ವೇಳೆಗೆ, ಮಕ್ಕಳು ರಾಗಿಯನ್ನು ಬಿಟ್ಟು ಅಕ್ಕಿ ಹಿಡಿದರು. ಅಕ್ಕಿ, ಉದ್ದಿನ ಜೊತೆಗೆ ಮಂಡಕ್ಕಿಯನ್ನೂ ನೆನೆಹಾಕಿ ರುಬ್ಬಿದರು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿಗೆ ಬರವಿಲ್ಲವಷ್ಟೆ. ಸೌದೆಯ ಉರಿಯಲ್ಲಿ ಕಾದ ಹಂಚಿನ ಮೇಲೆ ಧಾರಾಳವಾಗಿ ಬೆಣ್ಣೆ ಬಿದ್ದಿತು. ಪಕ್ಕಕ್ಕೆ ಕಾಯಿಚಟ್ನಿ, ಬೇಯಿಸಿದ ಆಲೂಗಡ್ಡೆಯ ಪಲ್ಯ. 1944ರಲ್ಲಿ ಮಕ್ಕಳಾದ ಶಾಂತಪ್ಪ, ಮಹಾದೇವಪ್ಪನವರು ತಮ್ಮ ತಮ್ಮ ಹೋಟೆಲುಗಳನ್ನು ತೆರೆದರು. ಹತ್ತಿಯ ಗಿರಣಿಗಳಿಂದ ಊರು ಬೆಳೆಯುತ್ತಿದ್ದ ಕಾಲವದು.

ರಾಗಿ ಹೋಗಿ ಅಕ್ಕಿ ಬಂದ ಮೇಲೆ ಅದು ತಾಯಿಯ ದೋಸೆಯೇ ಹೇಗಾದೀತೆಂದು ನೀವು ಕೇಳಬಹುದು. ಪಂಡಿತನಾದ ನನಗೆ ಇಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ನೆನಪಾಗುತ್ತದೆ. ಉಚ್ಚಂಗಿಯ ಪಾಂಡ್ಯರು ಆ ಚಾಲುಕ್ಯರ ಸಾಮಂತರಾಗಿದ್ದವರೇ. ಹನ್ನೆರಡನೆಯ ಶತಮಾನದಲ್ಲಿ ಆತ ರಚಿಸಿದ ಮಾನಸೋಲ್ಲಾಸದಲ್ಲಿ ‘ಧೋಸಕ’ದ ಪಾಕವಿದೆ, ಅದರಲ್ಲಿ ಅಕ್ಕಿಯ ಸುಳಿವೇ ಇಲ್ಲ, ಎಲ್ಲವೂ ಬೇಳೆ! ದೋಸೆಯು ಧಾನ್ಯವನ್ನು ಬದಲಿಸಿದ್ದು ದಾವಣಗೆರೆಯಲ್ಲೇ ಮೊದಲಲ್ಲ. ಚೆನ್ನಮ್ಮನ ಮಕ್ಕಳು ಬಿಟ್ಟದ್ದು ಹಿಟ್ಟನ್ನು, ಕಸುಬನ್ನಲ್ಲ, ಹಂಚನ್ನಲ್ಲ.

ಇಂದು ಬೆಂಗಳೂರಿನ ಬೀದಿಬೀದಿಗಳಲ್ಲಿ ‘ದಾವಣಗೆರೆ ಬೆಣ್ಣೆದೋಸೆ’ ಎಂಬ ಫಲಕಗಳಿವೆ. ಬೆಳಗಾವಿ ಸೀಮೆಯ ತಾಯಿ ಹೂಡಿದ ಒಲೆಗೆ ಹೀಗೆ ದಾವಣಗೆರೆಯ ಹೆಸರೇ ನಿಂತಿತು. ಮುಂದಿನ ಸಲ ಜಾತ್ರೆಗೆ ಬರುವಾಗ ಬೆಳಿಗ್ಗೆ ತುಸು ಬೇಗನೆ ಹೊರಡಿ. ಹಂಚಿನ ಮುಂದೆ ಕಾಯಬೇಕಾದೀತು.