ಶಕವರ್ಷಕ್ಕೆ 78 ಕೂಡಿಸಿದರೆ ಸಾಲದು
ಬನ್ನೂರಿಗೆ ಸೋಮನಾಥಪುರ ಹತ್ತಿರ. ಅಲ್ಲಿನ ಕೇಶವ ದೇವಾಲಯದ ಕಾಲವನ್ನು ಹಳೆಯ ಪುಸ್ತಕಗಳು 1268 ಎನ್ನುತ್ತವೆ, ಈಚಿನವು 1258 ಎನ್ನುತ್ತವೆ. ಓದುಗನಿಗೆ ಕಾಣುವುದು ಬರಿಯ ಇಸವಿ. ಅದು ಕಲ್ಲಿನ ಯಾವ ಮಾತಿನಿಂದ, ಯಾವ ಲೆಕ್ಕದಿಂದ ಬಂತೆಂಬುದು ಕಾಣುವುದಿಲ್ಲ. ಶಾಸನದ ಕಾಲವನ್ನು ಕ್ರಿಸ್ತಶಕಕ್ಕೆ ತಿರುಗಿಸುವಾಗ ಶಾಸನಕಾರ ಹೇಳಿದ್ದಕ್ಕಿಂತ ಕಡಿಮೆ ಹೇಳುವುದು ಎಷ್ಟು ತಪ್ಪೋ, ಹೆಚ್ಚು ಹೇಳುವುದೂ ಅಷ್ಟೇ ತಪ್ಪು. 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳನ್ನು ಅಚ್ಚು ಹಾಕಿಸಿದ ಬಿ.ಎಲ್. ರೈಸ್, ಕಾಲ ನಮೂದಿಸದ ಕಲ್ಲುಗಳಿಗೆ 'ಸುಮಾರು' ಎಂದೇ ಇಸವಿ ಕೊಟ್ಟರು. ಆ ಎಚ್ಚರ ಇವತ್ತಿಗೂ ಬೇಕು.

ಒಂದು ಲೆಕ್ಕ ನೋಡಿ. ಕಲ್ಲಿನಲ್ಲಿ ಶಕವರ್ಷ 1190, ವಿಭವ ಸಂವತ್ಸರ, ಮಾಘ ಮಾಸ ಎಂದಿದೆ ಅನ್ನಿ. 78 ಕೂಡಿಸಿದರೆ 1268. ಆದರೆ ಶಕವರ್ಷ ತೊಡಗುವುದು ಚೈತ್ರದಲ್ಲಿ. ಮಾಘ ಬರುವ ಹೊತ್ತಿಗೆ ಇಸವಿ 1269 ಆಗಿರುತ್ತದೆ. 1190 ಎಂಬುದು ಕಳೆದ (ಮುಗಿದ) ವರ್ಷವೋ ನಡೆಯುತ್ತಿರುವ ವರ್ಷವೋ ಎಂಬ ಇನ್ನೊಂದು ತೊಡಕಿದೆ. ನಡೆಯುತ್ತಿರುವುದಾದರೆ ಸಂವತ್ಸರ ವಿಭವದ ಹಿಂದಿನ ಪ್ರಭವ ಆಗಬೇಕಿತ್ತು, ಹಾಗಾಗಿ ಇದು ಕಳೆದ ವರ್ಷ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಶಕಸಂಖ್ಯೆ ಅಳಿಸಿ ಹೋಗಿ ವಿಭವ ಎಂಬುದಷ್ಟೇ ಉಳಿದರೆ 1208, 1268, 1328 ಮೂರೂ ಸಾಧ್ಯ. ಆಗ ರಾಜನ ಹೆಸರು, ಲಿಪಿ ಕೈಹಿಡಿಯಬೇಕು. ದಿನದ ಮಟ್ಟಕ್ಕೆ ಇಳಿದರೆ ಇನ್ನೂ ಸೂಕ್ಷ್ಮ. ತಿಥಿ ಸುಮಾರು 19ರಿಂದ 26 ಗಂಟೆಯವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ದಿನಕ್ಕೆ ಹೆಸರು ಕೊಡುವುದು ಸೂರ್ಯೋದಯದ ತಿಥಿ. ಸೂರ್ಯಗ್ರಹಣಕಾಲದ ದಾನವಾದರೋ ಗ್ರಹಣ ಹಿಡಿದ ಗಳಿಗೆಯ ಅಮಾವಾಸ್ಯೆಯನ್ನೇ ಹೇಳುತ್ತದೆ, ಅಂದು ಬೆಳಿಗ್ಗೆ ಚತುರ್ದಶಿ ಇದ್ದರೂ. 24 ನಿಮಿಷದ ಗಳಿಗೆಯೊಂದು ಆಚೀಚೆಯಾದರೆ ದಿನವೇ ಬದಲಾದೀತು.

ಸಾಮಾನ್ಯ ಓದುಗನಿಗೆ ಇಸವಿ ಸಾಕು, ಇಷ್ಟೆಲ್ಲ ಏಕೆ ಎನ್ನಬಹುದು. ಕಲ್ಲಿನ ವಾರ ತಿಥಿಗೆ ಕೂಡದ ಉದಾಹರಣೆಗಳೂ ಬೇಕಾದಷ್ಟಿವೆ, ನಿಜ. ಆದರೆ ಕೂಡುವುದಿಲ್ಲ ಎಂಬುದು ತಿಳಿಯುವುದೇ ಲೆಕ್ಕ ಹಾಕಿದಾಗ. 1922ರಲ್ಲಿ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಶತಮಾನಗಳ ಪಂಚಾಂಗವನ್ನು ಕೋಷ್ಟಕಗಳಾಗಿ ಕೊಟ್ಟದ್ದು ಈ ಪರೀಕ್ಷೆಗಾಗಿಯೇ; ದತ್ತಿಪತ್ರ ಅಸಲಿಯೋ ಆಮೇಲೆ ಬರೆದದ್ದೋ ಎಂಬ ಅನುಮಾನ ಎಷ್ಟೋ ಸಲ ಹುಟ್ಟುವುದು ಇಲ್ಲೇ.

ಈಗ ಶಾಸನಗಳು ಕಂಪ್ಯೂಟರಿಗೆ ಏರುತ್ತಿವೆ. ದಿನಾಂಕದ ಕಲಂ ದಿನ, ತಿಂಗಳು, ವರ್ಷ ಮೂರನ್ನೂ ಬೇಡಿದರೆ, ವರ್ಷವಷ್ಟೇ ಗೊತ್ತಿರುವ ಗಂಗರ ವೀರಗಲ್ಲಿಗೆ ಜನವರಿ 1 ಅಂಟಿಬಿಡುತ್ತದೆ; ಮುಂದಿನವನು ಅದನ್ನೇ ನಂಬುತ್ತಾನೆ. ಈ ಕೆಲಸದಲ್ಲಿರುವವರು ಕಲ್ಲಿನ ಮೂಲ ವಾಕ್ಯವನ್ನು ಹಾಗೆಯೇ ಉಳಿಸಲಿ, ಪಕ್ಕದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಎರಡು ತುದಿ ಬರೆಯಲಿ.