ಪೈಥಾನ್ ಪ್ಯಾಕೇಜ್ ಇಂಡೆಕ್ಸ್: ಮರುವಿನ್ಯಾಸ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ತಂತ್ರಾಂಶಗಳ ಸಾರ್ವಜನಿಕ ಸೂಚಿಯಾದ ಪೈಥಾನ್ ಪ್ಯಾಕೇಜ್ ಇಂಡೆಕ್ಸ್ (ಪೈಪಿಐ) ಜಾಲತಾಣವನ್ನು ಬಳಕೆದಾರರಿಗೆ ಬೇಕಾದುದು ಸುಲಭವಾಗಿ ಸಿಗುವಂತೆ ಹೊಸದಾಗಿ ಕಟ್ಟಿದ ಯೋಜನೆ. ಹೊಸ ತಂತ್ರಾಂಶದ ಹೆಸರು ವೇರ್‌ಹೌಸ್.

ಮೂಲ ಸೂಚಿ 2003ರಲ್ಲಿ ಆರಂಭವಾಯಿತು. ಪ್ಯಾಕೇಜುಗಳ ಸಂಖ್ಯೆ ಬೆಳೆದಂತೆ ಹಳೆಯ ತಂತ್ರಾಂಶದ ನಿರ್ವಹಣೆ, ಸುಧಾರಣೆ ಎರಡೂ ಕಷ್ಟವಾದವು. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ 2017ರಲ್ಲಿ ಮೊಜಿಲ್ಲಾದಿಂದ ಪಡೆದ ಅನುದಾನ ಈ ಕೆಲಸಕ್ಕೆ ನೆರವಾಯಿತು. ಹೊಸ ತಾಣ 2018ರ ಏಪ್ರಿಲ್‌ನಲ್ಲಿ ಬಳಕೆಗೆ ಬಂದಿತು. ಅದೇ ತಿಂಗಳ ಕೊನೆಗೆ ಹಳೆಯದು ನಿಂತಿತು.

ಮುಖಪುಟದಲ್ಲಿ ಹುಡುಕು ಪೆಟ್ಟಿಗೆಗೆ ಪ್ರಧಾನ ಸ್ಥಾನವಿದೆ. ಹುಡುಕಾಟದ ಫಲಿತಾಂಶಗಳನ್ನು ವಿಷಯ, ಪರವಾನಗಿ, ಕಾರ್ಯಾಚರಣಾ ವ್ಯವಸ್ಥೆ ಮೊದಲಾದ ವರ್ಗಸೂಚಕಗಳ ಮೂಲಕ ಸೋಸಬಹುದು. ಉದಾಹರಣೆಗೆ, ಅಭಿವೃದ್ಧಿಯ ಸ್ಥಿತಿ ಎಂಬ ವರ್ಗದಲ್ಲಿ ಯೋಜನಾ ಹಂತದಿಂದ ನಿಷ್ಕ್ರಿಯ ಹಂತದವರೆಗೆ 7 ಮೆಟ್ಟಿಲುಗಳಿವೆ. ವರ್ಗಸೂಚಕಗಳನ್ನು ಪ್ಯಾಕೇಜಿನ ಲೇಖಕರೇ ನಮೂದಿಸುವುದರಿಂದ ಸೋಸುವಿಕೆಯ ನಿಖರತೆ ಅವರ ಎಚ್ಚರಿಕೆಯನ್ನೇ ಅವಲಂಬಿಸಿದೆ.

ಪ್ರತಿ ಪ್ಯಾಕೇಜಿನ ಪುಟದ ಮೇಲ್ಭಾಗದಲ್ಲಿ ಹೆಸರು, ಆವೃತ್ತಿ, ಬಿಡುಗಡೆಯ ದಿನಾಂಕ ಹಾಗೂ ನಕಲಿಸಿಕೊಳ್ಳಬಹುದಾದ ಅನುಸ್ಥಾಪನಾ ಆದೇಶ ಇರುತ್ತವೆ. ವಿವರಣೆ, ಬಿಡುಗಡೆಗಳ ಇತಿಹಾಸ, ಕಡತಗಳು ಪ್ರತ್ಯೇಕ ವಿಭಾಗಗಳಲ್ಲಿವೆ. ಹೆಸರಿನಲ್ಲಿ ಹೈಫನ್, ಅಡಿಗೆರೆ, ಚುಕ್ಕಿಗಳನ್ನು ಸಮಾನವೆಂದು ಎಣಿಸುವುದರಿಂದ ಬರಹದ ಸಣ್ಣ ವ್ಯತ್ಯಾಸವಿದ್ದರೂ ಅದೇ ಪ್ಯಾಕೇಜು ದೊರೆಯುತ್ತದೆ.

ಹಳೆಯ ತಾಣದ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ವ್ಯವಸ್ಥೆ ಇದ್ದುದರಿಂದ ಬಳಕೆದಾರರ ಹಿಂದಿನ ಕೊಂಡಿಗಳು ವ್ಯರ್ಥವಾಗಲಿಲ್ಲ. ವೇರ್‌ಹೌಸ್‌ನ ಮೂಲ ಸಂಕೇತ ಮುಕ್ತವಾಗಿ ಲಭ್ಯವಿದೆ.